ಅಪ್ಪನಿಗೆ ಮಾತು ಬರುತ್ತಿಲ್ಲ, ಭಜನೆ ಮಾತ್ರ ಪೂರ್ತಿ ಹಾಡುತ್ತಾರೆ. ಇದು ಹೇಗೆ?

ಗಾಣದಮನೆ · ಭಾನುವಾರ ರಾತ್ರಿ 8:40
ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ತಾಲ್ಲೂಕು, ಕೆರಗೋಡು ಕಡೆ. ಅಪ್ಪನಿಗೆ 67 ವರ್ಷ. ನಾಲ್ಕು ತಿಂಗಳ ಹಿಂದೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿತ್ತು. ಫಿಸಿಯೋಥೆರಪಿ ಮಾಡಿಸಿದ ಮೇಲೆ ಈಗ ಕೋಲು ಹಿಡಿದು ಹಿತ್ತಲವರೆಗೆ ಹೋಗಿ ಬರುತ್ತಾರೆ. ಮಾತು ಮಾತ್ರ ಹೋದದ್ದು ಹೋಯಿತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ. ಕನ್ನಡಕ ಎಲ್ಲಿ ಅಂದರೆ ಕೈ ತೋರಿಸುತ್ತಾರೆ. ಆದರೆ ಬಾಯಿಂದ ಬರುವುದು ಒಂದೇ, ‘ಅದೇ ಅದೇ’. ನೀರು ಬೇಕಾದರೂ ಅದೇ ಅದೇ. ಸಿಟ್ಟು ಬಂದರೂ ಅದೇ ಅದೇ.

ಮೊನ್ನೆ ಶನಿವಾರ ಊರಿನ ಭಜನೆ ಮಂಡಳಿಯವರು ನಮ್ಮ ಜಗಲಿ ಮೇಲೆ ಕೂತಿದ್ದರು. ಅಪ್ಪ ಮೂವತ್ತು ವರ್ಷ ಅದೇ ಮಂಡಳಿಯಲ್ಲಿ ತಾಳ ಹಾಕಿದವರು. ಹಾರ್ಮೋನಿಯಂ ಶುರುವಾಯಿತು. ಎರಡನೇ ಸಲ ಪಲ್ಲವಿ ಬಂದಾಗ ಅಪ್ಪ ಬಾಯಿ ಬಿಟ್ಟರು ನೋಡಿ. ಪೂರ್ತಿ ಸಾಲು! ಒಂದಕ್ಷರ ತಪ್ಪಿಲ್ಲ. ಎಡಗೈಯಲ್ಲಿ ತೊಡೆ ತಟ್ಟಿಕೊಂಡು ಹಾಡಿದರು. ಅವ್ವ ಮುದ್ದೆ ಕೋಲು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಓಡಿ ಬಂದಳು. ಹಾಡು ಮುಗಿಯಿತು. ‘ಅಪ್ಪ, ಏನಾದರೂ ಮಾತಾಡಪ್ಪ’ ಅಂದೆ. ‘ಅದೇ ಅದೇ.’

ಸೋದರತ್ತೆ ಇದು ದೇವರ ಮಹಿಮೆ, ಮುಡಿಪು ಕಟ್ಟಿ ಅನ್ನುತ್ತಾರೆ. ನಮ್ಮಣ್ಣ ಇನ್ನೊಂದು ರಾಗ. ‘ಅಪ್ಪನಿಗೆ ಮಾತು ಬರುತ್ತೆ ಕಣೋ, ಜಮೀನು ಭಾಗ ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡು ಆಡುತ್ತಿಲ್ಲ’ ಅಂತಾನೆ. ಎರಡು ದಿನದಿಂದ ಮನೆಯಲ್ಲಿ ಅದೇ ಜಗಳ. ಜೊತೆಗೆ ಮೈಸೂರಿನಲ್ಲಿ ಯಾರೋ ಒಬ್ಬರು ರಾಗ ಚಿಕಿತ್ಸೆ ಅಂತ ಪೆನ್‌ಡ್ರೈವ್ ಕೊಡುತ್ತಾರಂತೆ, 18,000 ರೂಪಾಯಿ. ತಗೊಳ್ಳಬಹುದಾ? ಗೊತ್ತಿರುವವರು ಹೇಳಿ.

ಮದ್ದೂರುವಡೆ · 8:47
ಆ ದುಡ್ಡಿಗೆ ಭಜನೆ ಮಂಡಳಿಗೆ ಹೊಸ ಹಾರ್ಮೋನಿಯಂ ಬರುತ್ತೆ ಗುರು. ಅದನ್ನೇ ಕೊಡಿಸು.

ಒಂಟಿಕೊಪ್ಪಲ್_ರಸಿಕ · 9:02
ತಗೊಳ್ಳಿ, ಯೋಚನೆ ಮಾಡಬೇಡಿ. ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು. ಒಂದೊಂದು ರಾಗಕ್ಕೆ ಒಂದೊಂದು ಕಾಯಿಲೆ. ಆನಂದಭೈರವಿ ಕೇಳಿದರೆ ಬಿಪಿ ಇಳಿಯುತ್ತದೆ. ಪಾರ್ಶ್ವವಾಯುವಿಗೂ ಇದೆ, ಯಾವ ರಾಗ ಅಂತ ನಮ್ಮ ಗುರುಗಳನ್ನು ಕೇಳಿ ಹೇಳುತ್ತೇನೆ.

ಲೆಕ್ಕದ_ಮೇಷ್ಟ್ರು · 9:10
ರಸಿಕರೇ, ಬಿಪಿ ಇಳಿಯಿತು ಅಂದರೆ ಎಷ್ಟರಿಂದ ಎಷ್ಟಕ್ಕೆ? ಎಷ್ಟು ಜನರಿಗೆ? ರಾಗ ಹಾಕದೆ ಸುಮ್ನೆ ಕಣ್ಣು ಮುಚ್ಚಿ ಕೂತವರಿಗೂ ಇಳಿಯಿತಾ? ಇಷ್ಟು ಹೇಳಿ, ಆಮೇಲೆ 18,000 ಬಿಚ್ಚಿಸೋಣ.

ಗಂಗೋತ್ರಿ_ಸ್ಪೀಚ್ · 9:31
ನಾನು ಮೈಸೂರಿನಲ್ಲಿ ಸ್ಪೀಚ್ ಥೆರಪಿ ಮಾಡುವವಳು. ಮೊದಲು ನಿಮ್ಮ ಅಣ್ಣನಿಗೆ ಹೇಳಿ, ಅಪ್ಪ ನಾಟಕ ಮಾಡುತ್ತಿಲ್ಲ. ನೋಡದೆ ಖಚಿತವಾಗಿ ಹೇಳಬಾರದು. ಆದರೆ ನೀವು ಬರೆದಿರುವುದು ಬ್ರೋಕಾ ಅಫೇಸಿಯಾ, ಅಂದರೆ ಅರ್ಥವಾದರೂ ಮಾತು ಹೊರಡದ ತೊಂದರೆ, ಇರುವವರನ್ನು ನೋಡಿ ಬರೆದ ಹಾಗೇ ಇದೆ.

ಬಲಗೈ ಬಿತ್ತು ಅಂದರೆ ಪೆಟ್ಟು ಬಿದ್ದಿರುವುದು ಮಿದುಳಿನ ಎಡಭಾಗಕ್ಕೆ. ಮಾತು ಕಟ್ಟುವ ಕೆಲಸ ಹೆಚ್ಚಿನವರಲ್ಲಿ ಆ ಎಡಭಾಗದ ಮುಂದುಗಡೆ ನಡೆಯುತ್ತದೆ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ನೋಡಿದರು. ಅವನಿಗೂ ಎಲ್ಲ ಅರ್ಥವಾಗುತ್ತಿತ್ತು, ಬಾಯಲ್ಲಿ ಬರುತ್ತಿದ್ದುದು ‘ಟಾನ್’ ಅನ್ನುವುದೊಂದೇ. ಆಸ್ಪತ್ರೆಯಲ್ಲಿ ಅವನಿಗೆ ಟಾನ್ ಅಂತಲೇ ಹೆಸರು ಬಿದ್ದಿತ್ತು. ಅವನು ತೀರಿಕೊಂಡ ಮೇಲೆ ಮಿದುಳು ತೆಗೆದು ನೋಡಿದಾಗ ಎಡಗಡೆ ಮುಂಭಾಗ ಹಾಳಾಗಿತ್ತು. ನಿಮ್ಮ ತಂದೆಯ ‘ಅದೇ ಅದೇ’ ಕೂಡ ಆ ‘ಟಾನ್’ ಜಾತಿಯದೇ ಇರಬೇಕು.

ಹಾಡಿನ ಕಥೆ ಬೇರೆ. ಅದು ಒಂದೇ ಜಾಗದಲ್ಲಿ ಕೂತಿರುವುದಿಲ್ಲ. ಸ್ವರದ ಏರಿಳಿತ, ಲಯ, ಬಾಯಿಪಾಠವಾದ ಸಾಲು, ಎಲ್ಲ ಎಡಕ್ಕೂ ಬಲಕ್ಕೂ ಹರಡಿಕೊಂಡಿರುತ್ತದೆ. ಮೇನ್ ರೋಡ್ ಕಿತ್ತುಹೋದಾಗ ನಾಲೆ ಏರಿ ಮೇಲೆ ಬೈಕ್ ಓಡಿಸಿಕೊಂಡು ಊರು ಸೇರುತ್ತೀರಲ್ಲ, ಹಾಗೆ. ಲಾರಿ ಹೋಗುವುದಿಲ್ಲ, ಬೈಕ್ ಹೋಗುತ್ತದೆ.

ಗಾಣದಮನೆ · 9:38
ಮೇಡಂ, ಅಣ್ಣನಿಗೆ ಇದನ್ನೇ ಓದಿ ಹೇಳಿದೆ. ಏನೂ ಮಾತಾಡದೆ ಎದ್ದು ಹೋದ. ಹಾಗಾದರೆ ಹಾಡಿಸುತ್ತಾ ಇದ್ದರೆ ಮಾತು ಬಂದುಬಿಡುತ್ತಾ?

ಗಂಗೋತ್ರಿ_ಸ್ಪೀಚ್ · 9:55
ಇಲ್ಲ, ಎಲ್ಲರೂ ಎಡವುವುದು ಇಲ್ಲೇ. ಭಜನೆ ನೂರು ಸಲ ಹಾಡಿಸಿದರೆ ಭಜನೆ ಚೆನ್ನಾಗಿ ಬರುತ್ತದೆ. ‘ನೀರು ಬೇಕು’ ಬರುವುದಿಲ್ಲ. ಹಾಡಿನಿಂದ ಮಾತಿಗೆ ಮೆಟ್ಟಿಲು ಕಟ್ಟಬೇಕು.

1973ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಇದಕ್ಕೊಂದು ಕ್ರಮ ಮಾಡಿದರು, ಮೆಲೊಡಿಕ್ ಇಂಟೊನೇಷನ್ ಥೆರಪಿ ಅಂತ. ದಿನಾ ಬೇಕಾಗುವ ಒಂದು ಮಾತು ತಗೊಳ್ಳುತ್ತೇವೆ. ‘ನೀರು ಬೇಕು’ ಅಂತಿಟ್ಟುಕೊಳ್ಳಿ. ನೀ-ರು-ಬೇ-ಕು, ನಾಲ್ಕು ಅಕ್ಷರ. ಎರಡೇ ಸ್ವರ, ಒಂದು ಮೇಲೆ, ಒಂದು ಕೆಳಗೆ. ನೀ, ಬೇ ಮೇಲಿನ ಸ್ವರ. ರು, ಕು ಕೆಳಗಿನದು. ಒಂದೊಂದು ಅಕ್ಷರಕ್ಕೂ ರೋಗಿಯ ಎಡಗೈ ಹಿಡಿದು ಮೇಜಿನ ಮೇಲೆ ಒಂದು ತಟ್ಟು. ಮೊದಲು ಬಾಯಿ ಮುಚ್ಚಿ ಗುನುಗುವುದು, ಆಮೇಲೆ ಇಬ್ಬರೂ ಒಟ್ಟಿಗೆ ಹಾಡುವುದು, ಆಮೇಲೆ ನಾವು ಅರ್ಧಕ್ಕೆ ನಿಲ್ಲಿಸಿ ಅವರೇ ಮುಗಿಸುವುದು. ಬರುತ್ತಾ ಬರುತ್ತಾ ರಾಗ ಕಳಚುತ್ತಾ ಮಾತಿನ ಧಾಟಿಗೆ ತರುತ್ತೇವೆ. ವಾರಗಟ್ಟಲೆ ಹಿಡಿಯುತ್ತದೆ. ಕೆಲವರಿಗೆ ತುಂಬಾ ಅನುಕೂಲವಾಗುತ್ತದೆ, ಕೆಲವರಿಗೆ ಅಷ್ಟಕ್ಕಷ್ಟೆ. ಅರ್ಥ ಮಾಡಿಕೊಳ್ಳುವ ಶಕ್ತಿ ಉಳಿದಿದ್ದು, ಮಾತು ಮಾತ್ರ ಹೊರಡದವರಿಗೆ ಇದು ಹೆಚ್ಚು ಹೊಂದುತ್ತದೆ.

ಅಮೆರಿಕದಲ್ಲಿ ಆಗ ಸಂಸದೆಯಾಗಿದ್ದ ಗ್ಯಾಬಿ ಗಿಫರ್ಡ್ಸ್‌ಗೆ 2011ರ ಜನವರಿಯಲ್ಲಿ ತಲೆಗೆ ಗುಂಡು ಬಿದ್ದಿತ್ತು. ಅವರಿಗೂ ಮಾತು ಹೋಗಿತ್ತು. ಸ್ಪೀಚ್ ಥೆರಪಿ ಜೊತೆ ಹಾಡಿನ ಚಿಕಿತ್ಸೆಯನ್ನೂ ಸೇರಿಸಿ ಮಾಡಿಸಿದರು. ಈಗ ಸಭೆಗಳಲ್ಲಿ ಮಾತಾಡುತ್ತಾರೆ, ಆದರೆ ಚಿಕ್ಕ ಚಿಕ್ಕ ವಾಕ್ಯ, ನಿಧಾನಕ್ಕೆ.

ಲೆಕ್ಕದ_ಮೇಷ್ಟ್ರು · 10:04
ಮೇಡಂ ಹೇಳಿದ್ದು ಒಪ್ಪಿದೆ. ಒಂದು ತಕರಾರು. ಕೆಲಸ ಮಾಡುವುದು ರಾಗವಾ, ತಾಳವಾ? 2011ರಲ್ಲಿ ಜರ್ಮನಿಯವರು 17 ರೋಗಿಗಳನ್ನು ಇಟ್ಟುಕೊಂಡು ನೋಡಿದರು. ಹಾಡಿಸಿದ್ದಕ್ಕಿಂತ ಲಯ ಹಿಡಿಸಿದ್ದು, ಮೊದಲೇ ಬಾಯಿಪಾಠವಾದ ಮಾತನ್ನು ಹೇಳಿಸಿದ್ದು, ಇವೇ ಜಾಸ್ತಿ ಮುಖ್ಯ ಅಂತ ಬರೆದರು.

ಗಂಗೋತ್ರಿ_ಸ್ಪೀಚ್ · 10:09
ಹೌದು ಸಾರ್, ಅದು ಇನ್ನೂ ಇತ್ಯರ್ಥವಾಗಿಲ್ಲ. ನನ್ನ ಕೈಯಲ್ಲಂತೂ ತಾಳ ಬಿಟ್ಟು ಬರೀ ರಾಗ ಯಾವತ್ತೂ ನಡೆದಿಲ್ಲ.

ತಮಟೆ_ಮನೆ · 10:20
ತಾಳ ಅಂದಿರಲ್ಲ, ಈಗ ನನ್ನ ಸರದಿ. ನಾವು ಮಳವಳ್ಳಿ ಕಡೆಯವರು, ಮೂರು ತಲೆಮಾರಿಂದ ತಮಟೆ. ನಮ್ಮ ದೊಡ್ಡಪ್ಪನಿಗೆ ಪಾರ್ಕಿನ್ಸನ್ಸ್. ಕೈ ನಡುಗುವುದಕ್ಕಿಂತ ಕಾಲು ಅಂಟಿಕೊಳ್ಳುವುದೇ ದೊಡ್ಡ ಕಷ್ಟ. ಅಂಗಳದಲ್ಲಿ ಹೇಗೋ ನಡೆಯುತ್ತಾರೆ. ಹೊಸ್ತಿಲ ಮುಂದೆ ಬಂದರೆ ನೆಲಕ್ಕೆ ಗಮ್ ಹಾಕಿದ ಹಾಗೆ ನಿಂತುಬಿಡುತ್ತಾರೆ. ಹಿಂದಿನಿಂದ ತಳ್ಳಿದರೆ ಮುಗ್ಗರಿಸುತ್ತಾರೆ, ಕಾಲು ಮಾತ್ರ ಬರಲ್ಲ.

ಹಬ್ಬದ ದಿನ ನಾನು ತಮಟೆ ಕಾಯಿಸಿ, ಹದ ನೋಡೋಣ ಅಂತ ನಾಲ್ಕು ಪೆಟ್ಟು ಹಾಕಿದೆ. ಹೊಸ್ತಿಲಲ್ಲಿ ಎರಡು ನಿಮಿಷದಿಂದ ನಿಂತಿದ್ದ ಮನುಷ್ಯ ಎಡ, ಬಲ, ಎಡ, ಬಲ ಅಂತ ದಾಟಿ ಬಂದು ಜಗಲಿ ಮೇಲೆ ಕೂತರು! ನಾನು ಬೆಪ್ಪಾಗಿ ನಿಂತೆ. ಈಗ ಮನೆಯಲ್ಲಿ ಯಾರಾದರೂ ಒಬ್ಬರು ತಟ್ಟೆ ಮೇಲೆ ಚಮಚ ಬಡಿಯುತ್ತೇವೆ. ಜಾಸ್ತಿ ಜೋರು ಬಡಿದರೆ ಬೈಯುತ್ತಾರೆ, ಕಡಿಮೆ ಆದರೆ ನಿಲ್ಲುತ್ತಾರೆ.

ನರ್ಸಕ್ಕ · 10:33
ತಮಟೆಯಣ್ಣ, ನೀವು ಮಾಡಿದ್ದು ಆಸ್ಪತ್ರೆಯಲ್ಲೂ ಮಾಡುತ್ತಾರೆ, ಮೆಟ್ರೋನೋಮ್ ಅಂತ ಒಂದೇ ಸಮ ತಾಳ ಹಾಕುವ ಯಂತ್ರ ಇಟ್ಟುಕೊಂಡು. ನಡಿಗೆಗೆ ಒಳಗಿನಿಂದ ತಾಳ ಹಾಕುವುದು ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ. ಪಾರ್ಕಿನ್ಸನ್ಸ್‌ನಲ್ಲಿ ಡೋಪಮೈನ್ ಅನ್ನುವ ಮಿದುಳಿನ ರಾಸಾಯನಿಕ ಕಡಿಮೆಯಾದಾಗ ಆ ತಾಳ ತಪ್ಪುತ್ತದೆ. ಹೊರಗಿಂದ ತಾಳ ಕೊಟ್ಟರೆ ಕಾಲು ಅದನ್ನು ಹಿಡಿದುಕೊಳ್ಳುತ್ತದೆ. 1996ರಲ್ಲಿ ಮೈಕೆಲ್ ಥಾಟ್ ಅವರ ತಂಡ ಪಾರ್ಕಿನ್ಸನ್ಸ್ ಇರುವವರನ್ನು ಮೂರು ವಾರ ಮನೆಯಲ್ಲೇ ತಾಳದ ಸಂಗೀತದ ಜೊತೆ ನಡೆಸಿತ್ತು. ನಡಿಗೆಯ ವೇಗ ಶೇಕಡಾ 25 ಹೆಚ್ಚಾಗಿತ್ತು.

ಹೊಸ್ತಿಲಿಗೆ ಇನ್ನೊಂದು ಉಪಾಯ. ನೆಲದ ಮೇಲೆ ಒಂದೊಂದು ಹೆಜ್ಜೆಗೆ ಅಡ್ಡ ಗೆರೆ ಹಾಕಿ, ಸೀಮೆಸುಣ್ಣ ಆದರೂ ಸಾಕು. ಗೆರೆ ದಾಟಬೇಕು ಅಂತ ಕಣ್ಣು ಹೇಳಿದರೂ ಕಾಲು ಬರುತ್ತದೆ. ಮಾತ್ರೆ ಮಾತ್ರ ಹೊತ್ತಿಗೆ ಸರಿಯಾಗಿ ಕೊಡಿ. ತಮಟೆ ಇದೆ ಅಂತ ಮಾತ್ರೆ ಬಿಡಿಸಬೇಡಿ, ಕೈ ಮುಗಿಯುತ್ತೇನೆ.

ತಮಟೆ_ಮನೆ · 10:36
ಇಲ್ಲ ಅಕ್ಕ, ಮಾತ್ರೆ ಬಿಟ್ಟರೆ ಯಾವ ತಮಟೆಗೂ ಏಳಲ್ಲ ಅವರು. ಗೆರೆ ನಾಳೆನೇ ಹಾಕುತ್ತೇನೆ.

ಕುವೆಂಪುನಗರ_ಅಮ್ಮ · 10:41
ಮಧ್ಯೆ ಬಂದದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನನ್ನ ಮಗಳಿಗೆ 6 ವರ್ಷ. ಸಂಗೀತ ಕಲಿತರೆ ಐಕ್ಯೂ ಜಾಸ್ತಿ ಆಗುತ್ತೆ, ಲೆಕ್ಕ ಚೆನ್ನಾಗಿ ಬರುತ್ತೆ ಅಂತಾರೆ. ಗರ್ಭಿಣಿಯಾಗಿದ್ದಾಗ ಮೊಜಾರ್ಟ್ ಸಂಗೀತ ಕೂಡ ಹಾಕಿಕೊಂಡು ಕೇಳಿದ್ದೆ. ಪಿಟೀಲು ಕ್ಲಾಸಿಗೆ ಸೇರಿಸಲಾ?

ಲೆಕ್ಕದ_ಮೇಷ್ಟ್ರು · 10:58
ಮೊಜಾರ್ಟ್ ಕಥೆ ಕೇಳಿ ತಾಯಿ. 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 36 ಕಾಲೇಜು ಹುಡುಗರಿಗೆ ಮೊಜಾರ್ಟ್‌ನ ಒಂದು ಸೊನಾಟಾ 10 ನಿಮಿಷ ಕೇಳಿಸಿದರು. ಆಮೇಲೆ ಕಾಗದ ಮಡಿಚಿ ಕತ್ತರಿಸಿದರೆ ಹೇಗೆ ಕಾಣುತ್ತದೆ ಅನ್ನುವ ಥರದ ಪ್ರಶ್ನೆ ಕೊಟ್ಟರು. ಸ್ವಲ್ಪ ಚೆನ್ನಾಗಿ ಮಾಡಿದರು. ಆ ಗುಣ ಉಳಿದದ್ದು 10ರಿಂದ 15 ನಿಮಿಷ. ಅಷ್ಟೇ. ಅದರಲ್ಲಿ ಶಿಶುವೂ ಇಲ್ಲ, ಬಸುರಿಯೂ ಇಲ್ಲ. ಆದರೆ 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಮಗುವಿಗೆಲ್ಲ ಸಂಗೀತದ ಸಿಡಿ ಹಂಚೋಣ ಅಂತ 1,05,000 ಡಾಲರ್ ಕೇಳಿದರು. 15 ನಿಮಿಷದ ಮಾತು ಎಲ್ಲಿಗೆ ಹೋಯಿತು ನೋಡಿ.

38 ವರ್ಷ ಲೆಕ್ಕ ಪಾಠ ಮಾಡಿದ್ದೇನೆ. ಲೆಕ್ಕ ಬರಬೇಕಾದರೆ ಲೆಕ್ಕ ಮಾಡಬೇಕು. ಪಿಟೀಲಿಗೆ ಸೇರಿಸಿ, ಪಿಟೀಲು ಬರಲಿ ಅಂತ.

ವೀಣೆಬೆರಳು · 11:15
ಮೇಷ್ಟ್ರೇ, ಕೇಳುವುದಕ್ಕೂ ನುಡಿಸುವುದಕ್ಕೂ ತುಂಬಾ ವ್ಯತ್ಯಾಸವಿದೆ. ನುಡಿಸುವವರ ಮಿದುಳು ನಿಜವಾಗಿಯೂ ಬದಲಾಗುತ್ತದೆ. 1995ರಲ್ಲಿ ಪಿಟೀಲು, ಚೆಲ್ಲೋ ಥರದ ತಂತಿವಾದ್ಯ ನುಡಿಸುವವರನ್ನು ನೋಡಿದಾಗ ಎಡಗೈ ಬೆರಳುಗಳಿಗೆ ಮಿದುಳು ಕೊಟ್ಟಿದ್ದ ಜಾಗ ಬೇರೆಯವರಿಗಿಂತ ದೊಡ್ಡದಿತ್ತು. ಚಿಕ್ಕ ವಯಸ್ಸಿನಲ್ಲಿ ಶುರು ಮಾಡಿದವರಲ್ಲಿ ಇನ್ನೂ ಜಾಸ್ತಿ. ಅದೇ ವರ್ಷ ಇನ್ನೊಂದು ತಂಡ ಎಡ ಬಲ ಮಿದುಳನ್ನು ಜೋಡಿಸುವ ನರಗಳ ಕಟ್ಟನ್ನು ಅಳೆಯಿತು. 7 ವರ್ಷದ ಒಳಗೆ ವಾದ್ಯ ಹಿಡಿದವರಲ್ಲಿ ಅದರ ಮುಂಭಾಗ ದಪ್ಪಗಿತ್ತು.

ಇದರ ಇನ್ನೊಂದು ಮುಖ ಯಾರೂ ಹೇಳಲ್ಲ, ನನಗೆ ಗೊತ್ತು. ನಾನು 26 ವರ್ಷ ವೀಣೆ ನುಡಿಸಿದವಳು. ಬಲಗೈ ಕಿರುಬೆರಳು ತಾಳದ ತಂತಿ ಮೀಟುವುದು. ಒಂದು ದಿನ ಅದು ಒಳಗೆ ಮಡಿಚಿಕೊಂಡಿತು. ನೋವಿಲ್ಲ, ಊತವಿಲ್ಲ. ಹೂ ಕಟ್ಟುತ್ತೇನೆ, ಚಪಾತಿ ಲಟ್ಟಿಸುತ್ತೇನೆ, ಬೆರಳು ಸರಿಯಾಗೇ ಇರುತ್ತದೆ. ವೀಣೆ ಮುಂದೆ ಕೂತು ಮೀಟುಗೋಲು ಹಾಕಿಕೊಂಡ ತಕ್ಷಣ ಮಡಿಚಿಕೊಳ್ಳುತ್ತದೆ. ಮೊದಲು ಮೂಳೆ ಡಾಕ್ಟರು, ಆಮೇಲೆ ಎಣ್ಣೆ ನೀವಿದರು, ಆಮೇಲೆ ದೃಷ್ಟಿ ತೆಗೆದರು. ಒಂದೂವರೆ ವರ್ಷ ಆದ ಮೇಲೆ ನರರೋಗದವರು ನೋಡಿ ಹೇಳಿದರು, ಫೋಕಲ್ ಡಿಸ್ಟೋನಿಯಾ. ಬೆರಳಲ್ಲಿ ಏನೂ ಇಲ್ಲ. ಒಂದೇ ಕೆಲಸ ಲಕ್ಷ ಸಲ ಮಾಡಿ ಮಾಡಿ ಪಕ್ಕದ ಬೆರಳುಗಳ ನಕ್ಷೆ ಮಿದುಳಿನಲ್ಲಿ ಒಂದರ ಮೇಲೊಂದು ಹತ್ತಿಬಿಟ್ಟಿದೆ. ಲಿಯಾನ್ ಫ್ಲೈಶರ್ ಅನ್ನುವ ದೊಡ್ಡ ಪಿಯಾನೋ ವಾದಕರಿಗೆ 1960ರ ದಶಕದಲ್ಲಿ ಬಲಗೈ ಹೀಗಾಗಿ ಮೂವತ್ತು ವರ್ಷ ಎಡಗೈಯಲ್ಲೇ ನುಡಿಸಿದರು. ಬಿಗಿದ ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಬಂದ ಮೇಲೆ ಎರಡೂ ಕೈಗೆ ಮರಳಿದರು.

ನಾನೀಗ ದಿನಕ್ಕೆ ಹತ್ತೇ ನಿಮಿಷ ನುಡಿಸುವುದು. ಸರಳೆ ವರಸೆ, ಮೊದಲ ಕಾಲ. ಎಂಟು ವರ್ಷದ ಮಕ್ಕಳ ಜೊತೆ ಕೂತ ಹಾಗಿರುತ್ತದೆ.

ಒಂಟಿಕೊಪ್ಪಲ್_ರಸಿಕ · 11:24
ಅಕ್ಕ, ಓದಿ ಸಂಕಟವಾಯಿತು. ವೀಣೆ ಶೇಷಣ್ಣನವರ ಊರಲ್ಲಿ ಹೀಗೊಂದು ಕಾಯಿಲೆ ಇದೆ ಅಂತ ಇವತ್ತೇ ಗೊತ್ತಾದದ್ದು. ಎಂಟನೇ ಕ್ರಾಸ್ ಗಣಪತಿ ಪೆಂಡಾಲಿನಲ್ಲಿ ಎಷ್ಟೋ ಕಲಾವಿದರು ಬೆರಳು ನೀವಿಕೊಳ್ಳುವುದು ನೋಡಿದ್ದೇನೆ, ಚಳಿಗೆ ಅಂದುಕೊಂಡಿದ್ದೆ.

ಮದ್ದೂರುವಡೆ · 11:27
ಪಿಟೀಲು ಅಂದರೆ ನಮ್ಮ ಮಂಡ್ಯದ ಚೌಡಯ್ಯನವರನ್ನು ಯಾರೂ ನೆನೆಯಲಿಲ್ಲವಲ್ಲ.

ಒಂಟಿಕೊಪ್ಪಲ್_ರಸಿಕ · 11:28
ಮಂಡ್ಯ ಅಲ್ಲ ಸ್ವಾಮಿ! ತಿರುಮಕೂಡಲು, ಟಿ. ನರಸೀಪುರ ತಾಲ್ಲೂಕು, ಮೈಸೂರು ಜಿಲ್ಲೆ. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ಪಿಟೀಲಿಗೆ ಏಳು ತಂತಿ ಹಾಕಿಸಿದವರು. ಮಂಡ್ಯದವರು ವಡೆ ಇಟ್ಟುಕೊಳ್ಳಿ, ಚೌಡಯ್ಯನವರನ್ನು ಬಿಡಿ.

ಮದ್ದೂರುವಡೆ · 11:30
ಕಾವೇರಿ ನೀರು ನಮ್ಮದೂ ಹೌದು, ನಿಮ್ಮದೂ ಹೌದು. ಅಲ್ಲಿಗೆ ಮುಗೀತು.

ಗಾಣದಮನೆ · ಸೋಮವಾರ ಬೆಳಿಗ್ಗೆ 6:50
ರಾತ್ರಿಯೆಲ್ಲ ಓದಿದೆ. ಪೆನ್‌ಡ್ರೈವ್ ವಿಷಯ ಯಾರೂ ಖಡಾಖಂಡಿತ ಹೇಳಲಿಲ್ಲ. ಬರೀ ಕೇಳುವುದರಿಂದ ಏನೂ ಉಪಯೋಗ ಇಲ್ವಾ?

ಲೆಕ್ಕದ_ಮೇಷ್ಟ್ರು · 7:15
ಇದೆ. ನನ್ನ ಸ್ವಭಾವಕ್ಕೆ ಒಪ್ಪಿಕೊಳ್ಳುವುದು ಕಷ್ಟ, ಆದರೂ ಇದೆ. 2008ರಲ್ಲಿ ಫಿನ್ಲೆಂಡಿನಲ್ಲಿ ಸ್ಟ್ರೋಕ್ ಆದವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಎರಡು ತಿಂಗಳು ದಿನಾ ಹಾಡು ಕೇಳಿತು, ಒಂದು ಗುಂಪು ಕಥೆ ಓದಿದ ಆಡಿಯೋ ಕೇಳಿತು, ಒಂದು ಗುಂಪಿಗೆ ಎರಡೂ ಇಲ್ಲ. ಮಾಮೂಲಿ ಚಿಕಿತ್ಸೆ ಎಲ್ಲರಿಗೂ ಇತ್ತು. ಹಾಡು ಕೇಳಿದವರಿಗೆ ಮಾತಿನ ನೆನಪು, ಗಮನ ಎರಡೂ ಹೆಚ್ಚು ಸುಧಾರಿಸಿತು. ಮನಸ್ಸು ಕುಗ್ಗುವುದೂ ಕಡಿಮೆಯಾಯಿತು.

ಈಗ ಮುಖ್ಯ ವಿಷಯ. ಅಲ್ಲಿ ಯಾರೂ ಇಂಥ ಕಾಯಿಲೆಗೆ ಇಂಥ ಸಂಗೀತ ಅಂತ ಹಂಚಲಿಲ್ಲ. ರೋಗಿಗೆ ಯಾವುದು ಇಷ್ಟವೋ ಅದೇ. ನಿಮ್ಮ ತಂದೆಗೆ ಏನು ಇಷ್ಟ ಅಂತ ಆ ಪೆನ್‌ಡ್ರೈವಿನವರಿಗಿಂತ ನಿಮ್ಮ ತಾಯಿಗೆ ಚೆನ್ನಾಗಿ ಗೊತ್ತು.

ಗಾಣದಮನೆ · 7:22
ಹಳೇ ಸಿನಿಮಾ ಹಾಡು ಸಾರ್. ಗದ್ದೆಯಲ್ಲೂ ಮೈಸೂರು ಆಕಾಶವಾಣಿ ಹಾಕಿಕೊಂಡೇ ಇರುತ್ತಿದ್ದರು.

ಲೆಕ್ಕದ_ಮೇಷ್ಟ್ರು · 7:26
ಆ ಆಕಾಶವಾಣಿಯನ್ನು 1935ರಲ್ಲಿ ಮೈಸೂರಿನಲ್ಲಿ ಮನೆಯಿಂದಲೇ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್. ಚಿಕಿತ್ಸೆ ಅಲ್ಲಿಂದಲೇ ಬರುತ್ತಿದೆ ಅಂದುಕೊಳ್ಳಿ. ಬಿಟ್ಟಿ.

ಒಂಟಿಕೊಪ್ಪಲ್_ರಸಿಕ · 7:40
ಸರಿ ಮೇಷ್ಟ್ರೇ, ಒಂದು ಹೆಜ್ಜೆ ಹಿಂದೆ ಹೋಗುತ್ತೇನೆ. ಆನಂದಭೈರವಿ ನನಗೆ ಹಿತ, ಅಷ್ಟು ಮಾತ್ರ ಹೇಳುತ್ತೇನೆ. ಬಿಪಿ ಮಾತ್ರೆ ನಾನೂ ತಗೊಳ್ಳುತ್ತೇನೆ, ನಿಮಗೆ ಹೇಳಿರಲಿಲ್ಲ.

ನರ್ಸಕ್ಕ · 8:05
ಗಾಣದಮನೆಯವರೇ, ಹಾಡು ಕೇಳಿಸುವಾಗ ಸದ್ದು ಸಣ್ಣದಿರಲಿ, ದಿನವಿಡೀ ಟಿವಿ ಗಲಾಟೆ ಬೇಡ. ಇನ್ನೊಂದು, ಇದು ಎಲ್ಲರಿಗೂ. ಬಾಯಿ ಸೊಟ್ಟಗಾಯಿತು, ಒಂದು ಕೈ ಎತ್ತಲಾಗಲಿಲ್ಲ, ಮಾತು ತೊದಲಿತು ಅಂದರೆ ಮೊದಲು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕ್ ಆದರೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು. ನಮ್ಮ ಕಡೆ ಇನ್ನೂ ಲಕ್ವ ಅಂತ ಪಾರಿವಾಳದ ರಕ್ತ ಹಚ್ಚಿಸಲು ಕರೆದುಕೊಂಡು ಹೋಗಿ, ಮಾರನೇ ದಿನ ನಮ್ಮ ಹತ್ತಿರ ಬರುತ್ತಾರೆ. ನೋಡಿ ನೋಡಿ ಸಾಕಾಗಿದೆ.

ರಾಗಿಕಲ್ಲು · 8:30
ಇಷ್ಟು ದಿನ ಸುಮ್ನೆ ಓದುವವಳು, ಇವತ್ತು ಬರೆಯುತ್ತಿದ್ದೇನೆ. ನಮ್ಮಜ್ಜಿಗೆ ಮರೆವಿನ ಕಾಯಿಲೆ. ನನ್ನನ್ನು ‘ಯಾರ ಮನೆ ಮಗಳವ್ವ ನೀನು’ ಅಂತ ದಿನಾ ಕೇಳುತ್ತದೆ. ಸೋಬಾನೆ ಪದದ ಮೊದಲ ಸಾಲು ಎತ್ತಿಕೊಟ್ಟರೆ ಮಾತ್ರ ಮುಂದಿನದೆಲ್ಲ ಅಜ್ಜಿಯೇ ಹೇಳುತ್ತದೆ, ನನಗೆ ಬರದ ನುಡಿಗಳನ್ನೂ. ಹಾಡುವಾಗ ಬಲಗೈ ಸುತ್ತುತ್ತಾ ಇರುತ್ತದೆ. ಮೊದಲು ಗೊತ್ತಾಗಲಿಲ್ಲ. ಆಮೇಲೆ ಹೊಳೆಯಿತು, ಅದು ರಾಗಿ ಬೀಸುವ ಕಲ್ಲಿನ ಗೂಟ ಹಿಡಿದ ಕೈ. ನಾವು ಬೀಸೋಕಲ್ಲು ಮಾರಿ ಇಪ್ಪತ್ತು ವರ್ಷವಾಯಿತು.

ಗಂಗೋತ್ರಿ_ಸ್ಪೀಚ್ · 8:44
ರಾಗಿಕಲ್ಲು, ಅಜ್ಜಿ ಹಾಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಚಿಕಿತ್ಸೆಗೆ ಅಂತಲ್ಲ.

ಗಾಣದಮನೆ, ನೀವು ಮಾನಸಗಂಗೋತ್ರಿ ಹತ್ತಿರದ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಕರೆದುಕೊಂಡು ಬನ್ನಿ. ಡಿಸ್ಚಾರ್ಜ್ ಕಾಗದ, ಸ್ಕ್ಯಾನ್ ಎರಡೂ ತನ್ನಿ. ಬೆಂಗಳೂರಿಗೆ ಹೋಗುವವರಿದ್ದರೆ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ಮೇಲೇ ಕೆಲಸ ಮಾಡುವ ಪ್ರಯೋಗಾಲಯವಿದೆ. ಮನೆಯಲ್ಲಿ ನೀವೇ ಅಕ್ಷರ ತಟ್ಟಿಸಲು ಶುರು ಮಾಡಬೇಡಿ, ಒಮ್ಮೆ ತೋರಿಸಿಕೊಂಡು ಕಲಿತುಕೊಳ್ಳಿ. ತಪ್ಪು ಮಾತು ಅಭ್ಯಾಸವಾದರೆ ಬಿಡಿಸುವುದು ಕಷ್ಟ.

ಕುವೆಂಪುನಗರ_ಅಮ್ಮ · 9:20
ಮಗಳನ್ನು ಕೇಳಿದೆ. ಪಿಟೀಲು ಬೇಡವಂತೆ, ತಮಟೆ ಬೇಕಂತೆ. ತಮಟೆಯಣ್ಣ, ಮೈಸೂರಿನಲ್ಲಿ ಯಾರಾದರೂ ಹೇಳಿಕೊಡುವವರಿದ್ದಾರಾ?

ತಮಟೆ_ಮನೆ · 9:24
ಇದ್ದಾರೆ. ಅಕ್ಕಪಕ್ಕದ ಮನೆಯವರನ್ನು ಒಂದು ಮಾತು ಕೇಳಿಬಿಡಿ ತಾಯಿ.

ಗಾಣದಮನೆ · ಏಳು ವಾರದ ನಂತರ, ಗುರುವಾರ ರಾತ್ರಿ 9:05
ಹಳೇ ಚರ್ಚೆ ಮೇಲೆ ಎತ್ತಿದ್ದಕ್ಕೆ ಕ್ಷಮೆ ಇರಲಿ. ಪೆನ್‌ಡ್ರೈವ್ ತಗೊಳ್ಳಲಿಲ್ಲ. ಮೈಸೂರಿಗೆ ವಾರಕ್ಕೆರಡು ಸಲ ಓಡಾಡುತ್ತಿದ್ದೇವೆ. ಕರೆದುಕೊಂಡು ಹೋಗುವುದು ಅಣ್ಣ. ಯಾರೂ ಹೇಳಲಿಲ್ಲ, ಎರಡನೇ ವಾರದಿಂದ ಅವನೇ ಕಾರು ತೆಗೆದ. ಬಾಯಿ ಬಿಟ್ಟು ಏನೂ ಹೇಳಿಲ್ಲ. ದಾರಿಯಲ್ಲಿ ಸ್ಟೀರಿಂಗ್ ಮೇಲೆ ಅಪ್ಪನಿಗೆ ತಾಳ ಹಾಕಿಕೊಡುತ್ತಾನೆ.

ಮೊದಲ ಮೂರು ವಾರ ಏನೂ ಇಲ್ಲ. ಅಪ್ಪ ಎರಡು ಸಲ ಸಿಟ್ಟಿಗೆದ್ದು ಕೋಲು ಎಸೆದರು. ನಾಲ್ಕನೇ ವಾರ ‘ನೀರು’ ಬಂತು, ‘ಬೇಕು’ ಬರಲಿಲ್ಲ. ಈಗ ಐದಾರು ಮಾತು ಬರುತ್ತವೆ, ಎಲ್ಲ ರಾಗದಲ್ಲೇ. ‘ಅದೇ ಅದೇ’ ಇನ್ನೂ ಇದೆ.

ಇವತ್ತು ಬೆಳಿಗ್ಗೆ ಜಗಲಿ ಮೇಲೆ ಕೂತು, ಎಡಗೈ ತೊಡೆ ಮೇಲೆ ತಟ್ಟಿ, ಯಾರೂ ಕೇಳದೆ ತಾವಾಗೇ ಹೇಳಿದರು, ‘ಕಾ-ಫಿ-ಬೇ-ಕು’. ಅವ್ವ ಒಳಗಿನಿಂದ ಅದೇ ರಾಗದಲ್ಲಿ, ‘ಸಕ್-ಕ-ರೆ-ಇಲ್-ಲ’.

ಮದ್ದೂರುವಡೆ · 9:08
ಮಂಡ್ಯದಲ್ಲಿ ಕೂತು ಸಕ್ಕರೆ ಇಲ್ಲ ಅಂತೀರಲ್ಲ ಗುರು!

ಗಾಣದಮನೆ · 9:09
ಅಪ್ಪನಿಗೆ ಶುಗರ್ ಇದೆ ಕಣಣ್ಣ.